ಅರವತ್ತೆಂಟು ಕುಣಿಕೆಯ ಕುಲಾವಿ

ನಮ್ಮ ಭಾವನವರನ್ನು ಹೊಗಳುವುದಕ್ಕೆ ನನಗೆ ನೆಪ ಬೇಕಿಲ್ಲ. ಆದರೂ ಅವರು ಜೀವಮಾನದಲ್ಲಿ ಒಂದೇ ಒಂದು ಸಲ ಅಳತೆ ತಪ್ಪಿದ ಕಥೆಯನ್ನು ಹೇಳಲು ಕೂತಿದ್ದೇನೆ. ಹೊಗಳಿಕೆಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಇದುವರೆಗೆ ನನಗೆ ಸಿಕ್ಕಿಲ್ಲ.

ಭಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿಗಳ ತಕ್ಕಡಿ, ಲೀಟರು, ಮೀಟರು ಪಟ್ಟಿ ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವವರು. ಅಂಗಡಿಯವರು ಅವರಿಗೆ ಇಟ್ಟಿರುವ ಹೆಸರು ಮಿಲಿಗ್ರಾಂ ಸಾಹೇಬರು. ಅಂಗಡಿಗೆ ಕಾಲಿಟ್ಟರೆ ಮಾತಿಲ್ಲ, ಕತೆಯಿಲ್ಲ. ಚರ್ಮದ ಪೆಟ್ಟಿಗೆ ತೆಗೆದು, ಹಿತ್ತಾಳೆಯ ತೂಕದ ಬಟ್ಟನ್ನು ಬಟ್ಟೆಯಿಂದ ಒರೆಸಿ, ತಕ್ಕಡಿಯ ಮೇಲೆ ಇಡುತ್ತಾರೆ. ಮುಳ್ಳು ನಿಲ್ಲುವ ತನಕ ಅಂಗಡಿಯವನೂ ಉಸಿರಾಡುವುದಿಲ್ಲ, ಭಾವನೂ ಉಸಿರಾಡುವುದಿಲ್ಲ. ಮನೆಯಲ್ಲೂ ಅದೇ ಕಾನೂನು. ಹಾಲಿನವನು ಹಾಲು ಅಳೆದುಕೊಟ್ಟು ಹೋಗುವ ಹಾಗಿಲ್ಲ. ನೊರೆ ಇಳಿಯುವ ತನಕ ಬಾಗಿಲಲ್ಲಿ ನಿಂತಿರಬೇಕು. ನಾನು ಅವರ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿದ್ದುಕೊಂಡು, ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾ, ಅಕ್ಕನ ಅಡುಗೆಯ ಋಣದಲ್ಲಿ ಬದುಕಿರುವವನು. ಬೇರೆಯವರ ತಪ್ಪು ಹುಡುಕಿ ಬದುಕುವವರು ಆ ಮನೆಯಲ್ಲಿ ಇಬ್ಬರಿದ್ದೆವು ಅನ್ನಿ.

ಅಕ್ಕನದು ಬೇರೆ ಥರದ ಕೀರ್ತಿ. ಅವಳು ಕ್ರೋಶಾ ಹೆಣೆಯುತ್ತಾಳೆ. ಇಪ್ಪತ್ತೆರಡು ವರ್ಷಗಳಿಂದ ನಮ್ಮ ಬೀದಿಯಲ್ಲಿ ಹುಟ್ಟಿದ ಪ್ರತಿ ಮಗುವೂ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅಕ್ಕ ಹೆಣೆದ ಕುಲಾವಿ ತೊಟ್ಟೇ. ಪುಸ್ತಕ ನೋಡುವುದಿಲ್ಲ, ಟೇಪು ಹಿಡಿಯುವುದಿಲ್ಲ. ಬಸ್ಸಿನಲ್ಲಿ ನಿಂತುಕೊಂಡು, ಪಕ್ಕದವಳು ಅತ್ತೆಯ ಮೇಲೆ ಹೇಳುವ ದೂರು ಕೇಳಿಕೊಂಡು, ಕೆಳಗೆ ನೋಡದೆ ಹೆಣೆಯುತ್ತಾಳೆ. ದೂರು ಮುಗಿಯುವಷ್ಟರಲ್ಲಿ ಕುಲಾವಿಯೂ ಮುಗಿದಿರುತ್ತದೆ.

ಇಂಥ ಅಕ್ಕ, ತನ್ನ ಒಬ್ಬಳೇ ಮಗಳ ಹೆರಿಗೆಗೆ ಐದು ವಾರ ಇದೆ ಅನ್ನುವಾಗ, ಬಚ್ಚಲಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಳು. ಡಾಕ್ಟರು ಆರು ವಾರಕ್ಕೆ ಪ್ಲಾಸ್ಟರು ಹಾಕಿದರು. ನೋವಿಗೆ ಒಂದು ಹನಿ ಕಣ್ಣೀರು ಹಾಕದವಳು ಮನೆಗೆ ಬಂದು, ಎಡಗೈಯಲ್ಲಿ ಚಮಚ ಹಿಡಿದು ಊಟಕ್ಕೆ ಕೂತಾಗ ಅತ್ತುಬಿಟ್ಟಳು.

"ಊರ ಮಕ್ಕಳಿಗೆಲ್ಲ ಮಾಡಿಕೊಟ್ಟೆ. ನನ್ನ ಮೊಮ್ಮಗು ಬರಿದಲೆಯಲ್ಲಿ ಮನೆಗೆ ಬರಬೇಕು ನೋಡು."

"ಅಂಗಡಿಯಲ್ಲಿ ಸಿಗುತ್ತಲ್ಲ ಅಕ್ಕ, ಒಂದು ತಂದರಾಯ್ತು," ಎಂದೆ ನಾನು. ಅಕ್ಕ ನನ್ನನ್ನು ನೋಡಿದ ರೀತಿಗೆ ನಾನು ತಟ್ಟೆಯ ಕಡೆ ಗಮನ ಕೊಟ್ಟೆ.

ಭಾವ ಕೈತೊಳೆದು ಬಂದು, ಗಂಟಲು ಸರಿಮಾಡಿಕೊಂಡರು. "ಯಾಕೆ ತರಬೇಕು? ನಾನಿಲ್ವಾ? ಅದರಲ್ಲಿ ಏನಿದೆ, ಎಣಿಸೋದು, ಅಳೆಯೋದು. ಮೂವತ್ತು ವರ್ಷದಿಂದ ನಾನು ಮಾಡ್ತಿರೋದು ಇನ್ನೇನು?"

ಊರಿಗೆ ಟೋಪಿ ಹಾಕುವವರನ್ನು ಹಿಡಿಯುವುದೇ ಕಸುಬಾಗಿದ್ದ ಮನುಷ್ಯ ಹೀಗೆ ಟೋಪಿ ಹೆಣೆಯಲು ಕೂತರು.

ನೂಲಂಗಡಿಯಿಂದ ತಿಳಿಹಳದಿ ಉಣ್ಣೆ, ಒಂದು ಕೊಕ್ಕೆಕಡ್ಡಿ, ಒಂದು ಪುಸ್ತಕ ಬಂದವು. ಸರಪಣಿ ಹಾಕುವುದು, ಕುಣಿಕೆಯೊಳಗಿಂದ ನೂಲು ಎಳೆಯುವುದು, ಇವನ್ನೆಲ್ಲ ಅಕ್ಕ ಬಾಯಲ್ಲೇ ಹೇಳಿಕೊಟ್ಟಳು. ಪುಸ್ತಕದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: ಮೊದಲು ಚಿಕ್ಕ ಮಾದರಿ ತುಂಡೊಂದನ್ನು ಹೆಣೆದು ನೋಡಿ, ಹತ್ತು ಕುಣಿಕೆಗೆ ಐದು ಸೆಂಟಿಮೀಟರು ಬರಬೇಕು. ಭಾವ ಅದನ್ನು ಗಟ್ಟಿಯಾಗಿ ಓದಿ ನಕ್ಕರು. "ಇದು ಅಂದಾಜಿನಲ್ಲಿ ಕೆಲಸ ಮಾಡೋರಿಗೆ ಬರೆದಿರೋದು," ಎಂದು ಪುಟ ತಿರುಗಿಸಿದರು.

ಆಮೇಲಿನ ಎರಡು ವಾರ ಭಾವನ ನಿಷ್ಠೆಯನ್ನು ನೋಡಲು ಎರಡು ಕಣ್ಣು ಸಾಲದು. ಬೆನ್ನು ನೆಟ್ಟಗೆ, ಕನ್ನಡಕ ಮೂಗಿನ ತುದಿಗೆ, ಪ್ರತಿ ಸುತ್ತು ಮುಗಿದಾಗಲೂ ಎಣಿಕೆ. ಕುಲಾವಿ ಪೂರ್ತಿ ಅಗಲಕ್ಕೆ ಬಂದ ಮೇಲೆ ಸುತ್ತಿಗೆ ಅರವತ್ತೆಂಟು ಕುಣಿಕೆ ಎಂದು ಪುಸ್ತಕ ಹೇಳಿತ್ತು. ಅವರು ಮೂರು ಸಲ ಎಣಿಸಿ, ನಾಲ್ಕನೆಯ ಸಲ ನನ್ನಿಂದ ಎಣಿಸಿ, ಒಂದು ನೋಟ್‌ಬುಕ್ಕಿನಲ್ಲಿ ನನ್ನ ಸಹಿ ಹಾಕಿಸಿಕೊಳ್ಳುತ್ತಿದ್ದರು. ಅರವತ್ತೇಳು ಬಂದದ್ದಿಲ್ಲ, ಅರವತ್ತೊಂಬತ್ತು ಬಂದದ್ದಿಲ್ಲ. ಅಕ್ಕ ಮಾತ್ರ ಆರನೆಯ ಸುತ್ತಿಗೇ ಮುಖ ಸೊಟ್ಟ ಮಾಡಿದ್ದಳು.

"ರೀ, ಸ್ವಲ್ಪ ಅಗಲ ಆಯ್ತೇನೋ."

"ಲೆಕ್ಕ ಸರಿ ಇದೆ ಕಣೆ."

"ಲೆಕ್ಕ ಸರಿ ಇರಬಹುದು. ಅಗಲ ಆಯ್ತು ಅಂದೆ."

"ಲೆಕ್ಕ ಸರಿ ಇದ್ದ ಮೇಲೆ ಅಗಲ ಹೇಗಾಗುತ್ತೆ?" ಎಂದು ಭಾವ ನನ್ನ ಕಡೆ ತಿರುಗಿದರು. ಪ್ರಶ್ನೆ ನ್ಯಾಯವಾಗಿಯೇ ಇತ್ತು. ನಾನು ನೋಟ್‌ಬುಕ್ಕಿನಲ್ಲಿ ಸಹಿ ಹಾಕಿದೆ.

ಒಂದು ಭಾನುವಾರ ಬೆಳಿಗ್ಗೆ ಕುಲಾವಿ ಮುಗಿಯಿತು. ನೋಡುವುದಕ್ಕೆ ಬಹಳ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇಜಿನ ಮೇಲೆ ಇಟ್ಟಾಗ ಅದು ಮಗುವಿನ ತಲೆಯ ಅಳತೆಯದಾಗಿ ಕಾಣಲಿಲ್ಲ. ಭಾವ ಅದನ್ನು ಎತ್ತಿ ನನ್ನ ತಲೆಗೆ ಹಾಕಿದರು. ಕುಲಾವಿ ಹುಬ್ಬು ದಾಟಿ, ಮೂಗು ದಾಟಿ, ಗದ್ದದ ಹತ್ತಿರ ಬಂದು ನಿಂತಿತು. ಕತ್ತಲೊಳಗಿಂದ ಅಕ್ಕ ನಗುವುದು ಕೇಳಿಸಿತು. ಕೈ ಮುರಿದುಕೊಂಡ ಮೇಲೆ ಅವಳು ನಕ್ಕದ್ದು ಅದೇ ಮೊದಲು.

"ಉಣ್ಣೆ ನೀರಿಗೆ ಬಿದ್ದರೆ ಕುಗ್ಗುತ್ತೆ," ಎಂದು ಭಾವ ತೀರ್ಪು ಕೊಟ್ಟು, ತಾವೇ ಒಗೆದು, ಮುಂದಿನ ಅಂಗಳದ ಹಗ್ಗಕ್ಕೆ ಹಾಕಿದರು. ನೀರು ತುಂಬಿಕೊಂಡ ಕುಲಾವಿ ಇನ್ನೂ ಒಂದು ಗೇಣು ಇಳಿಬಿತ್ತು.

ಎದುರುಮನೆಯ ಅಜ್ಜಿ ಕಿಟಕಿಯಿಂದ ಅದನ್ನು ನೋಡಿದರು. "ಯಾರಿಗೆ ಅದು?" ಎಂದು ಕೂಗಿ ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಭಾವ, "ಹುಟ್ಟೋ ಮಗುವಿಗೆ," ಎಂದು ಕೂಗಿ ಉತ್ತರ ಕೊಟ್ಟರು. ಅಜ್ಜಿ ಕಿಟಕಿ ಮುಚ್ಚಿದರು.

ಇಲ್ಲೊಂದು ಮಾತು ಹೇಳಬೇಕು. ಬೇರೆ ಯಾರಾದರೂ ಇಂಥ ಕುಲಾವಿ ಹೆಣೆದಿದ್ದರೆ ಬೀದಿಯವರು ನಕ್ಕು ಸುಮ್ಮನಾಗುತ್ತಿದ್ದರು. ಹೆಣೆದವರು ಮಿಲಿಗ್ರಾಂ ಸಾಹೇಬರು. ಅವರ ಅಳತೆ ತಪ್ಪುವುದುಂಟೇ? ಕುಲಾವಿಯ ಅಳತೆ ಸರಿಯಿದ್ದ ಮೇಲೆ ಇನ್ನು ಉಳಿದದ್ದು ಒಂದೇ ಸಾಧ್ಯತೆ. ಜನ ಆ ಸಾಧ್ಯತೆಗೆ ಬಂದರು.

ಮಾರನೆಯ ದಿನ ನಾನು ಸೋಪು ತರಲು ಹೋದರೆ ದಿನಸಿ ಅಂಗಡಿಯವನು ದನಿ ತಗ್ಗಿಸಿ, "ಮಗುವಿನ ತಲೆ ವಿಷಯ ಕೇಳಿದೆ. ಧೈರ್ಯವಾಗಿರಿ," ಎಂದ.

"ಯಾವ ತಲೆ?"

"ಸ್ಕ್ಯಾನಿಂಗ್ ರಿಪೋರ್ಟ್ ನೋಡಿಕೊಂಡೇ ಸಾಹೇಬರು ಟೋಪಿ ಹೆಣೆದರಂತಲ್ಲ."

"ಅಯ್ಯೋ, ಅದು ಅಳತೆ ತಪ್ಪಿದ್ದು ಕಣ್ರೀ."

ಅವನು ನನ್ನನ್ನು ಕರುಣೆಯಿಂದ ನೋಡಿದ. "ಯಾರು, ಮಿಲಿಗ್ರಾಂ ಸಾಹೇಬರು ತಪ್ಪಿದ್ರಾ? ನನ್ನ ತಕ್ಕಡೀಲಿ ಎರಡು ಗ್ರಾಂ ಕಮ್ಮಿ ಇದ್ದದ್ದು ಹಿಡಿದ ಮನುಷ್ಯ ಅವರು. ಮನೆಯವರು ಮುಚ್ಚಿಡೋದು ಸಹಜ. ನಾವೇನು ಹೊರಗಿನವರಾ?" ಎಂದು ಸೋಪಿನ ಜೊತೆಗೆ ಒಂದು ಬಿಸ್ಕತ್ತಿನ ಪೊಟ್ಟಣವನ್ನೂ ಕೈಗಿಟ್ಟ. ಪಕ್ಕದಲ್ಲಿ ನಿಂತಿದ್ದ ದರ್ಜಿ, ಮಗುವಿಗೆ ಅಂಗಿ ಹೊಲಿಯುವಾಗ ಕುತ್ತಿಗೆಯನ್ನು ಗುಂಡಿ ಹಾಕುವ ಹಾಗೆ ಬಿಡಬೇಕಾಗುತ್ತದೆ, ತಲೆಯ ಮೇಲಿಂದ ಇಳಿಸಲು ಆಗುವುದಿಲ್ಲ ಎಂದು ಆಗಲೇ ಯೋಚನೆ ಮಾಡಿಟ್ಟಿದ್ದ.

ಸಂಜೆ ಎದುರುಮನೆಯ ಅಜ್ಜಿ ಅಕ್ಕನನ್ನು ಸಮಾಧಾನ ಮಾಡಲು ಬಂದರು. "ನಮ್ಮ ಸೋದರಮಾವನ ತಲೆಯೂ ಹೀಗೇ ಇತ್ತಮ್ಮ. ಬಾಗಿಲಿಗೆ ಅಡ್ಡ ತಿರುಗಿ ಬರ್ತಿದ್ದ. ಆಮೇಲೆ ದೊಡ್ಡ ಅಧಿಕಾರಿ ಆದ." ಅಕ್ಕ ಏನು ಹೇಳಿದರೂ ಅಜ್ಜಿ ಅವಳ ಪ್ಲಾಸ್ಟರಿನ ಕೈಯನ್ನು ಸವರುತ್ತಾ, "ನನಗೆ ಗೊತ್ತಾಗುತ್ತೆ ಬಿಡು," ಎಂದೇ ಹೇಳಿದರು.

ಇಷ್ಟಾದರೂ ಭಾವ ಅಲುಗಾಡಲಿಲ್ಲ. ಅಲುಗಾಡಿಸಿದ್ದು ಮಂಗಳವಾರ ಬೆಳಿಗ್ಗೆ ಬಂದ ಮಗಳ ಫೋನು. ಊರಿನ ಇನ್ನೊಂದು ತುದಿಯಲ್ಲಿ ಗಂಡನ ಜೊತೆಗಿರುವ ಅವಳಿಗೆ ಸುದ್ದಿ ಹೇಗೆ ಹೋಯಿತೋ ದೇವರೇ ಬಲ್ಲ. ಅಳುತ್ತಿದ್ದದ್ದು ನನಗೂ ಕೇಳಿಸಿತು.

"ಅಪ್ಪ, ನಿಜ ಹೇಳು. ಡಾಕ್ಟರು ನಿನ್ನ ಹತ್ತಿರ ಏನು ಹೇಳಿದ್ದಾರೆ?"

"ಏನೂ ಹೇಳಿಲ್ಲಮ್ಮ. ಟೋಪಿ ಒಂದು ಚೂರು ದೊಡ್ಡದಾಯ್ತು, ಅಷ್ಟೇ."

"ನೀನು ಅಳೆದದ್ದು ಯಾವತ್ತಾದ್ರೂ ತಪ್ಪಿದೆಯಾ ಅಪ್ಪ? ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಿದ್ದೀಯ."

ಭಾವ ಫೋನಿಟ್ಟು ಕುರ್ಚಿಯಲ್ಲಿ ಕೂತರು. ಮೂವತ್ತು ವರ್ಷ ಕಾಪಾಡಿಕೊಂಡು ಬಂದ ಹೆಸರು ಮಗಳ ಎದೆಯ ಮೇಲೆ ಕಲ್ಲಾಗಿ ಕೂತಿತ್ತು. ನನಗೆ ಆಗ ಅವರನ್ನು ನೋಡಿ ನಿಜವಾಗಿಯೂ ಸಂಕಟವಾಯಿತು. ಕೊನೆಗೆ ಎದ್ದರು, ಚರ್ಮದ ಪೆಟ್ಟಿಗೆ ಎತ್ತಿಕೊಂಡರು. "ತಪ್ಪು ಎಲ್ಲಿದೆ ಅಂತ ಕಂಡುಹಿಡೀಬೇಕು. ಬಾ," ಎಂದರು.

ನೂಲಂಗಡಿಗೆ ಹೋದೆವು. ಮಿಲಿಗ್ರಾಂ ಸಾಹೇಬರು ಪೆಟ್ಟಿಗೆ ಸಮೇತ ಬರುವುದನ್ನು ಕಂಡು ದಿನಸಿಯವನೂ ದರ್ಜಿಯೂ ತಮ್ಮ ತಮ್ಮ ಅಂಗಡಿ ಬಿಟ್ಟು ಹಿಂದೆ ಬಂದರು. ಕ್ಷೌರದಂಗಡಿಯವನು ಅರ್ಧ ಗಡ್ಡದ ಗಿರಾಕಿಯನ್ನೂ ಕರೆದುಕೊಂಡು ಬಂದ. ನೂಲಂಗಡಿಯ ಯಜಮಾನಿ ದಪ್ಪ ಕನ್ನಡಕದ ನಿಧಾನಸ್ಥೆ. ಭಾವನಿಗೊಂದು ಸ್ಟೂಲು ಹಾಕಿ, ಏನು ಬೇಕಾದರೂ ಪರೀಕ್ಷೆ ಮಾಡಿ ಎಂದು ಸುಮ್ಮನೆ ಕೂತಳು.

ಭಾವ ಅದೇ ನೂಲಿನ ಹೊಸ ಉಂಡೆಯೊಂದನ್ನು ತೂಗಿದರು. ಐವತ್ತು ಗ್ರಾಂ, ಒಂದು ಕೂದಲಷ್ಟೂ ಹೆಚ್ಚುಕಮ್ಮಿಯಿಲ್ಲ. ಉಂಡೆ ಬಿಚ್ಚಿ ಮೀಟರು ಪಟ್ಟಿಯ ಮೇಲೆ ಇಡೀ ನೂಲನ್ನು ಅಳೆದರು. ಚೀಟಿಯಲ್ಲಿ ನೂರ ಅರವತ್ತು ಮೀಟರು ಅಂತಿತ್ತು, ನೂರ ಅರವತ್ತೂವರೆ ಬಂತು. ಇದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು; ಗಿರಾಕಿಯ ಉಳಿದರ್ಧ ಗಡ್ಡದ ಮೇಲಿನ ಸೋಪು ಒಣಗಿತು. ಕೊಕ್ಕೆಕಡ್ಡಿಯ ದಪ್ಪ ನೋಡಿದರು, ಅದೂ ಸರಿ. ಇನ್ನು ಅಳೆಯಲು ಏನೂ ಉಳಿಯಲಿಲ್ಲ.

"ಸಾಹೇಬರೇ," ಎಂದಳು ಯಜಮಾನಿ, "ಒಂದು ಹತ್ತು ಕುಣಿಕೆ ಹಾಕಿ ತೋರಿಸಿ."

ಭಾವ ಹಾಕಿದರು. ಅವಳು ಅದೇ ನೂಲಿನಲ್ಲಿ, ಅದೇ ಕಡ್ಡಿಯಲ್ಲಿ ಇನ್ನೊಂದು ಹತ್ತು ಹಾಕಿದಳು. ಎರಡನ್ನೂ ಪಕ್ಕಪಕ್ಕ ಇಟ್ಟು ಉಕ್ಕಿನ ಪಟ್ಟಿ ಹಿಡಿದಳು. ಅವಳದು ಐದು ಸೆಂಟಿಮೀಟರು. ಭಾವನದು ಒಂಬತ್ತು.

"ಪಟ್ಟಿ ಕೊಡಿ ಇಲ್ಲಿ," ಎಂದರು ಭಾವ. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಅವರದೇ ಮುದ್ರೆಯಿತ್ತು.

"ಸಾಹೇಬರೇ, ತಪ್ಪು ತಿಳಿಯಬೇಡಿ. ನೀವು ಅಂಗಡಿಗೆ ಬಂದ ಕೂಡಲೇ ಮೊದಲು ಏನು ಮಾಡ್ತೀರಿ?"

"ಬಟ್ಟು ಇಟ್ಟು ತಕ್ಕಡಿ ನೋಡ್ತೀನಿ."

"ಯಾಕೆ?"

"ತಕ್ಕಡೀನೇ ಸರಿ ಇಲ್ದಿದ್ರೆ ಎಷ್ಟು ಜಾಗ್ರತೆಯಿಂದ ತೂಗಿದ್ರೂ…" ಎಂದು ಶುರು ಮಾಡಿದ ಭಾವ ಅಲ್ಲಿಗೇ ನಿಂತರು.

"ಮಾದರಿ ತುಂಡು ಅಂದ್ರೆ ಅದೇ ಸಾಹೇಬರೇ. ಒಬ್ಬೊಬ್ಬರ ಕೈ ಒಂದೊಂದು ಥರ. ಕೆಲವರು ನೂಲನ್ನ ಬಿಗಿಯಾಗಿ ಎಳೀತಾರೆ, ಕೆಲವರು ಸಡಿಲ ಬಿಡ್ತಾರೆ. ಅದಕ್ಕೇ ಮೊದಲು ಕೈ ಪರೀಕ್ಷೆ, ಆಮೇಲೆ ಕೆಲಸ. ನಿಮ್ಮದು ಧಾರಾಳದ ಕೈ."

ಮಿಲಿಗ್ರಾಂ ಸಾಹೇಬರ ಕೈ ಧಾರಾಳ ಎಂಬ ಮಾತನ್ನು ಆ ಬೀದಿ ಕೇಳಿದ್ದು ಅದೇ ಮೊದಲು. ಯಾರೂ ನಗಲಿಲ್ಲ. ದಿನಸಿಯವನಂತೂ ಕಂಗಾಲಾಗಿ, "ನೂಲು ಆಮೇಲೆ ಹಿಗ್ಗಿರಬಹುದು ಸಾಹೇಬರೇ. ಪುಸ್ತಕದಲ್ಲಿ ಅಚ್ಚಿನ ತಪ್ಪಿರಬಹುದು," ಎಂದು ನನ್ನ ಕಡೆ ನೋಡಿದ. ಎಷ್ಟು ಸಲ ದಂಡ ಕಟ್ಟಿದ್ದರೂ, ತನ್ನನ್ನು ಹಿಡಿದ ಮನುಷ್ಯ ತಪ್ಪುವುದು ಅವನಿಗೆ ಬೇಕಿರಲಿಲ್ಲ.

ಭಾವ ಎದ್ದು ನಿಂತರು. ಅಂಗಡಿಯ ಹೊರಗಿನವರಿಗೂ ಕೇಳಿಸುವ ಹಾಗೆ ಹೇಳಿದರು. "ನೂಲು ಸರಿ ಇದೆ. ಕಡ್ಡಿ ಸರಿ ಇದೆ. ಪುಸ್ತಕ ಸರಿ ಇದೆ. ನನ್ನ ಮಗಳ ಹೊಟ್ಟೆಯಲ್ಲಿರೋ ಮಗುವಿನ ತಲೆಯೂ ಸರಿ ಇದೆ. ತಪ್ಪಿರೋದು ನನ್ನ ಕೈ. ಎಲ್ಲರೂ ಕೇಳಿಸಿಕೊಂಡ್ರಾ?"

ಅಷ್ಟಕ್ಕೆ ಬಿಡಲಿಲ್ಲ. ಅಳತೆ ತಪ್ಪಿದ ತಕ್ಕಡಿಗೆ ಕೊಡುವ ತಿರಸ್ಕಾರದ ನೋಟಿಸಿನ ನಮೂನೆಯನ್ನೇ ಒಂದು ಬಿಳಿ ಹಾಳೆಗೆ ಇಳಿಸಿ, ಕಾರ್ಬನ್ ಇಟ್ಟು ಬರೆದರು. ಪರೀಕ್ಷಿಸಿದ ವಸ್ತು: ಕೈಗಳು, ಎರಡು. ದೋಷ: ಹತ್ತು ಕುಣಿಕೆಗೆ ನಾಲ್ಕು ಸೆಂಟಿಮೀಟರು ಹೆಚ್ಚು. ಆದೇಶ: ಏಳು ದಿನದೊಳಗೆ ರಿಪೇರಿ ಮಾಡಿಸಿ ಮರುಪರೀಕ್ಷೆಗೆ ಹಾಜರುಪಡಿಸತಕ್ಕದ್ದು. ಮಾಲೀಕನ ಜಾಗದಲ್ಲಿ ಒಂದು ಸಹಿ, ಇನ್‌ಸ್ಪೆಕ್ಟರ ಜಾಗದಲ್ಲೂ ಅವರದೇ ಇನ್ನೊಂದು ಸಹಿ. ದಿನಸಿಯವನು ಸಾಕ್ಷಿಯಾಗಿ ರುಜು ಹಾಕಿದ. ಒಂದು ಪ್ರತಿಯನ್ನು ನಾನೇ ತೆಗೆದುಕೊಂಡು ಹೋಗಿ ಅಕ್ಕನ ಮಗಳಿಗೆ ಕೊಟ್ಟೆ. ಅವಳು ಓದಿದಳು, ಮತ್ತೆ ಓದಿದಳು, ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡು ಕೂತಳು. "ಅಪ್ಪ ತಪ್ಪಿದ್ದಾನೆ ಮಾವ, ನಿಜವಾಗಿಯೂ ತಪ್ಪಿದ್ದಾನೆ," ಎಂದು ಹೇಳುವಾಗ ಅವಳ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಮರೆಯುವುದಿಲ್ಲ. ತನ್ನ ಹೆಸರನ್ನು ಹೀಗೆ ನಡುಬೀದಿಯಲ್ಲಿ ಇಳಿಸಿಟ್ಟು ಬರುವ ಗಂಡಸರು ಎಷ್ಟು ಜನ ಇದ್ದಾರೆ ಹೇಳಿ.

ಇನ್ನು ರಿಪೇರಿ. ಭಾವ ದಿನಾ ಸಂಜೆ ಹತ್ತು ಹತ್ತು ಕುಣಿಕೆಯ ಮಾದರಿ ಹಾಕಿ ಅಳೆದರು. ಎಂಟೂವರೆ, ಏಳು, ಆರು. ಗಮನವಿಟ್ಟರೆ ಬಿಗಿ, ಮೂರನೆಯ ಸಾಲಿಗೆ ಮತ್ತೆ ಸಡಿಲ. ಆರು ದಿನ ಕಳೆಯಿತು. ಹೆರಿಗೆಗೆ ಎರಡು ವಾರವೂ ಇರಲಿಲ್ಲ. ಆ ಸಂಜೆ ಭಾವ ಕಡ್ಡಿಯನ್ನು ಮೇಜಿನ ಮೇಲಿಟ್ಟು, "ಈ ಕೈ ರಿಪೇರಿ ಆಗೋದಲ್ಲ. ಅಂಗಡಿಯದನ್ನೇ ತರೋಣ," ಎಂದರು. ಹಾಗೆ ಹೇಳುವಾಗ ಅಕ್ಕನ ಮುಖ ನೋಡಲಿಲ್ಲ.

ಅಕ್ಕ ಎದ್ದು ಬಂದು ಅವರ ಎಡಗಡೆಗೆ ಬೆಂಚಿನ ಮೇಲೆ ಕೂತಳು.

"ಆರು ದಿನದಿಂದ ನೋಡ್ತಿದ್ದೀನಿ. ನಿಮ್ಮ ಬಲಗೈ ಚೆನ್ನಾಗಿಯೇ ಇದೆ. ಕಡ್ಡಿ ಸರಿಯಾಗಿ ಆಡುತ್ತೆ. ನೂಲು ಬಿಡೋದು ಎಡಗೈ. ಅದಕ್ಕೆ ಹಿಡಿತ ಇಲ್ಲ."

"ಇಲ್ಲ ಅಂತ ನೋಟಿಸೇ ಕೊಟ್ಟಾಯ್ತಲ್ಲ."

"ನನ್ನ ಎಡಗೈ ಏನೂ ಮುರಿದಿಲ್ವಲ್ಲ," ಎಂದು ಅಕ್ಕ ಕೈ ಚಾಚಿದಳು. "ನೂಲು ಇಲ್ಲಿ ಕೊಡಿ."

ಕಿರುಬೆರಳಿಗೊಂದು ಸುತ್ತು, ತೋರುಬೆರಳ ಮೇಲೊಂದು ಎಳೆ. ಅಕ್ಕನ ಎಡಗೈ ನೂಲನ್ನೂ ಹೆಣಿಗೆಯನ್ನೂ ಹಿಡಿಯಿತು. ಭಾವನ ಬಲಗೈ ಕಡ್ಡಿ ಹಾಕಿ ಎಳೆಯಿತು. ಭುಜಕ್ಕೆ ಭುಜ ತಾಗಿಸಿ ಕೂರದಿದ್ದರೆ ಆ ಕೆಲಸ ಆಗುವುದೇ ಇಲ್ಲ. ಮೊದಲ ಹತ್ತು ನಿಮಿಷ ಬರೀ ಜಗಳ.

"ಎಳೀಬೇಡಿ ಅಷ್ಟು."

"ನೀನು ಬಿಡು, ನಾನು ಎಳೀತೀನಿ."

"ನಾನು ಬಿಟ್ಟರೆ ಮತ್ತೆ ನಿಮ್ಮ ಭಾವಮೈದನ ತಲೆಗೇ ಆಗುತ್ತೆ."

ಆಮೇಲೆ ಜಗಳ ನಿಂತಿತು. ಮಾದರಿ ತುಂಡು ಮುಗಿದಾಗ ಭಾವ ಮೂರು ಸಲ ಅಳೆದು, ನನಗೂ ತೋರಿಸಿದರು. ಐದು ಸೆಂಟಿಮೀಟರು. ಮರುಪರೀಕ್ಷೆಯಲ್ಲಿ ಪಾಸು ಎಂದು ನೋಟಿಸಿನ ಕೆಳಗೆ ಬರೆದರು.

ಅಂದಿನಿಂದ ಭಾವ ಕಚೇರಿ ಬಿಟ್ಟ ತಕ್ಷಣ ಮನೆಗೆ ಬರತೊಡಗಿದರು. ಸಾಯಂಕಾಲದ ಅಂಗಡಿ ತಪಾಸಣೆ ಕಡಿಮೆಯಾಗಿ ಅಂಗಡಿಯವರ ಮುಖದಲ್ಲಿ ಕಳೆ ಬಂತು. ಇಬ್ಬರೂ ಬೆಂಚಿನ ಮೇಲೆ ಒಂದೇ ಆಳಿನ ಹಾಗೆ ಕೂರುತ್ತಿದ್ದರು. ಭಾವನಿಗೆ ಸೀನು ಬಂದರೆ ಅಕ್ಕ ಕೈ ಬಿಗಿ ಹಿಡಿಯುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕುವ ಸದ್ದಾದರೆ ಇಬ್ಬರೂ ನೂಲಿನ ಸಮೇತ ಎದ್ದು ಅಡುಗೆಮನೆಗೆ ಹೋಗಿ, ಒಲೆ ಆರಿಸಿ, ಜೊತೆಯಾಗಿ ವಾಪಸು ಬರುತ್ತಿದ್ದರು. ಎದುರುಮನೆಯ ಅಜ್ಜಿ ಇದನ್ನು ಕಿಟಕಿಯಿಂದ ನೋಡಿ ಮೊದಲ ದಿನ ಕಿಟಕಿ ಮುಚ್ಚಿದರು, ಎರಡನೆಯ ದಿನದಿಂದ ಕುರ್ಚಿ ಹಾಕಿಕೊಂಡು ಕೂತರು. ಈ ಮನೆಯಲ್ಲಿ ಹನ್ನೊಂದು ವರ್ಷ ಉಂಡಿದ್ದೇನೆ. ಅಕ್ಕ ಭಾವ ಅಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ನಾನು ಕಂಡದ್ದು ಆಗಲೇ ಮೊದಲು.

ಡಾಕ್ಟರು ಹೇಳಿದ ದಿನಕ್ಕೆ ಎರಡು ದಿನ ಮುಂಚೆ ಮಗು ಹುಟ್ಟಿತು. ಕುಲಾವಿ ಅದಕ್ಕೂ ಒಂದು ದಿನ ಮುಂಚೆ ಮುಗಿದಿತ್ತು. ಆಸ್ಪತ್ರೆಯಲ್ಲಿ ನರ್ಸಮ್ಮ ಮಗುವಿನ ತಲೆಗೆ ಟೇಪು ಸುತ್ತಿ ಮೂವತ್ತನಾಲ್ಕು ಸೆಂಟಿಮೀಟರು ಎಂದಾಗ ಭಾವ, "ಆ ಟೇಪು ಒಂದು ನಿಮಿಷ," ಎಂದು ಬಾಯಿ ತೆರೆದರು. ಅಕ್ಕ ಅವರ ಕಾಲು ತುಳಿದಳು. ಮನೆಗೆ ಹೊರಡುವ ದಿನ ಭಾವನೇ ಕುಲಾವಿ ತೊಡಿಸಿದರು. ಹುಬ್ಬಿನ ಮೇಲೆ ಒಂದು ಬೆರಳಗಲ ಬಿಟ್ಟು, ಕಿವಿ ಮುಚ್ಚಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಮಗು ಆಕಳಿಸಿ ನಿದ್ದೆ ಹೋಯಿತು.

"ಎಷ್ಟು ಚೆನ್ನಾಗಿದೆ. ಯಾರು ಮಾಡಿದ್ದು?" ಎಂದು ನರ್ಸಮ್ಮ ಕೇಳಿದಳು.

"ನಮ್ಮ ಮನೆಯವರು," ಎಂದಳು ಅಕ್ಕ.

"ಅರ್ಧ ಮಾತ್ರ," ಎಂದು ಭಾವ ತಿದ್ದಿದರು. "ಹಿಡಿತವೆಲ್ಲ ಅವಳದ್ದು."

ಹಾಗೆ ಮಗು ನಮ್ಮ ಬೀದಿಗೆ ಬಂತು. ದಿನಸಿಯವನು, ದರ್ಜಿ, ಕ್ಷೌರದವನು ಎಲ್ಲರೂ ಸಾಲಾಗಿ ಬಂದು ತಲೆ ನೋಡಿಕೊಂಡು ಹೋದರು.

ಮುಂದಿನ ವಾರ ಅಕ್ಕನ ಪ್ಲಾಸ್ಟರು ತೆಗೆದರು. ಮೂಳೆ ಚೆನ್ನಾಗಿ ಕೂಡಿದೆ, ಬೆರಳಿನ ಕೆಲಸ ಎಷ್ಟು ಮಾಡಿದರೂ ಒಳ್ಳೆಯದೇ ಎಂದರು ಡಾಕ್ಟರು. ಕೆಲವು ದಿನ ಬಿಟ್ಟು ಒಂದು ಸಂಜೆ ಭಾವ ಗೇಟು ತೆರೆದು ಒಳಗೆ ಬರುವಾಗ ಅಕ್ಕ ಅಂಗಳದಲ್ಲಿ ಹಾಸಿಗೆಯ ಚಾದರವನ್ನು ಹಿಂಡುತ್ತಿದ್ದಳು. ಎರಡೂ ಕೈಯಲ್ಲಿ ತಿರುಚಿ, ಕೊನೆಯ ಹನಿ ಬೀಳುವ ತನಕ ಹಿಂಡಿ, ಕೊಡವಿ ಹಗ್ಗಕ್ಕೆ ಹಾಕಿದಳು. ಭಾವ ಅದನ್ನು ನಿಂತು ನೋಡಿ, ಕೈಕಾಲು ತೊಳೆದು ಒಳಗೆ ಬಂದರು.

ಮಗುವಿನ ಕಾಲುಚೀಲ ಒಂದು ಮುಗಿದಿತ್ತು, ಇನ್ನೊಂದು ಶುರುವಾಗಬೇಕಿತ್ತು. ಭಾವ ಉಂಡೆಯನ್ನೂ ಕಡ್ಡಿಯನ್ನೂ ತಂದು ಬೆಂಚಿನ ಮೇಲೆ ಕೂತಿದ್ದ ಅಕ್ಕನ ಮಡಿಲಿಗೆ ಹಾಕಿದರು. "ತಗೋ. ಇನ್ನು ನಿನ್ನ ಕೆಲಸ ನೀನು ನೋಡ್ಕೋ. ಇದಕ್ಕೆ ಇಬ್ಬರು ಯಾಕೆ?" ಎಂದರು. ದನಿ ಸ್ವಲ್ಪ ಒಣಗಿತ್ತು. ಪೇಪರು ಎತ್ತಿಕೊಂಡು ದೂರದ ಕುರ್ಚಿಗೆ ಹೋಗಿ ಕೂತರು.

ಅಕ್ಕ ಕಡ್ಡಿ ಹಿಡಿದು, ಕೆಳಗೆ ನೋಡದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಏಳೆಂಟು ಕುಣಿಕೆ ಹಾಕಿದಳು. ಅವಳ ಹಳೆಯ ಕೈಯೇ. ಆಮೇಲೆ ನಿಲ್ಲಿಸಿದಳು. ಪೇಪರಿನ ಹಿಂದಿದ್ದ ಭಾವನ ಕಡೆ ಒಂದು ಸಲ ನೋಡಿ, ಬಲ ಮಣಿಕಟ್ಟನ್ನು ಒತ್ತಿಕೊಂಡಳು.

"ಯಾಕೋ ಇನ್ನೂ ನೋಯುತ್ತೆ ರೀ. ಕಡ್ಡಿ ನೀವೇ ಹಿಡ್ಕೊಳ್ಳಿ," ಎಂದು ಬೆಂಚಿನಲ್ಲಿ ಸರಿದು ಜಾಗ ಬಿಟ್ಟಳು.

ಎರಡು ಗ್ರಾಮಿನ ಸುಳ್ಳನ್ನು ಬೀದಿಯ ಆ ತುದಿಯಿಂದ ಹಿಡಿಯುವ ಮನುಷ್ಯ ಪೇಪರು ಕೆಳಗಿಳಿಸಿ, ಅಕ್ಕನ ಮಣಿಕಟ್ಟನ್ನು ನೋಡಿದರು, ಹೊರಗೆ ಹಗ್ಗದ ಮೇಲಿನ ಚಾದರವನ್ನು ನೋಡಿದರು. ನಾನು ಉಸಿರು ಹಿಡಿದು ಕೂತೆ. ಭಾವ ಪೇಪರನ್ನು ನಾಲ್ಕು ಮಡಿಕೆ ಮಾಡಿ ಬದಿಗಿಟ್ಟರು, ಬಂದು ಅವಳ ಬಲಗಡೆಗೆ ಕೂತರು, ಕಡ್ಡಿ ತೆಗೆದುಕೊಂಡರು.

"ಅಂದಾಜು ಎಷ್ಟು ದಿನ ನೋಯಬಹುದು?" ಎಂದು ಕೇಳಿದರು.

ಅಕ್ಕ ನೂಲನ್ನು ಕಿರುಬೆರಳಿಗೆ ಸುತ್ತಿಕೊಂಡಳು. "ಮಗುವಿಗೆ ಸ್ವೆಟರೂ ಆಗಬೇಕಲ್ಲ," ಎಂದಳು.